21 ಬಣ್ಣದಿಂದ 8ಕ್ಕೆ: ಒಂದು ಪಿಕ್ಸೆಲ್ ಪೆಟ್ಟಿಗೆ ಸರಿಹೋದ ಕಥೆ

ಚಿಕ್ಕಪ್ಪನ ಮಗಳು ಪಿಕ್ಸೆಲ್ ಆರ್ಟ್, ಅಂದರೆ ಚಿಕ್ಕ ಚಿಕ್ಕ ಚೌಕಗಳನ್ನು ಒಂದೊಂದಾಗಿ ತುಂಬಿ ಚಿತ್ರ ಬರೆಯುವುದನ್ನು, ಕಲಿಯಲು ಶುರು ಮಾಡಿ ನಾಲ್ಕು ತಿಂಗಳಾಗಿತ್ತು. ತಾನೇ ಒಂದು ಚಿಕ್ಕ ಗೇಮ್ ಮಾಡಬೇಕು, ಅದರ ಚಿತ್ರಗಳನ್ನೂ ತಾನೇ ಬರೆಯಬೇಕು ಅನ್ನುವ ಹಟ ಅವಳದು. ಒಂದು ಸಂಜೆ ನನಗೊಂದು ಫೈಲ್ ಕಳಿಸಿದಳು. 32×32 ಪಿಕ್ಸೆಲ್‌ನ ನಿಧಿ ಪೆಟ್ಟಿಗೆ. ಮರದ್ದು, ಮೇಲೆ ಗುಂಡಗಿನ ಮುಚ್ಚಳ, ಸುತ್ತ ಕಬ್ಬಿಣದ ಪಟ್ಟಿ, ಮುಂದೆ ಹಿತ್ತಾಳೆ ಬೀಗ. ಜೊತೆಗೆ ಒಂದೇ ಸಾಲು: "ಅಣ್ಣಾ, ಆಕಾರ ಸರಿಯಾಗಿ ಬಂದಿದೆ ಅನ್ಸುತ್ತೆ, ಬಣ್ಣ ಮಾತ್ರ ಸತ್ತಂಗಿದೆ. ಯಾವ ಬಣ್ಣ ಹಾಕ್ಲಿ ಹೇಳು."

ಅವಳು ಬಣ್ಣ ಕೇಳಿದಳು, ನಾನು ಬಣ್ಣವನ್ನೇ ಹೇಳಿದೆ. ಅಲ್ಲೇ ಎಡವಿದ್ದು. ಪ್ರಶ್ನೆ ಸರಿಯಾ ಅಂತ ನೋಡದೆ ಉತ್ತರಕ್ಕೆ ಕೈ ಹಾಕಿದ್ದರಿಂದ ಎರಡು ಸಂಜೆ ದಂಡವಾಯಿತು. ಆ ಎರಡು ಸಂಜೆಯನ್ನೂ ಬಿಡದೆ ಇಲ್ಲಿ ಬರೆಯುತ್ತಿದ್ದೇನೆ. ಯಾಕಂದರೆ ಕಲಿಯುವವರು ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವುದು ಅಲ್ಲಿಯೇ.

ಫೈಲ್‌ನಲ್ಲಿ ಏನಿತ್ತು

ಪೆಟ್ಟಿಗೆಯನ್ನು ಸ್ವಲ್ಪ ಮೇಲಿನಿಂದ, ಸ್ವಲ್ಪ ಓರೆಯಾಗಿ ನೋಡಿದಂತೆ ಬರೆದಿದ್ದಳು. ಮೇಲೆ ಮುಚ್ಚಳ, ಎದುರಿಗೆ ಮುಂಭಾಗ, ಬಲಕ್ಕೆ ಕಿರಿದಾದ ಒಂದು ಬದಿ. ಅಳತೆ ಚೆನ್ನಾಗಿಯೇ ಇತ್ತು. ಗೆರೆಗಳೂ ಶುದ್ಧವಾಗಿದ್ದವು, ಮೆಟ್ಟಿಲು ಮೆಟ್ಟಿಲಾಗಿ ಹಲ್ಲು ಕಿರಿಯುತ್ತಿರಲಿಲ್ಲ. ಆಕಾರದ ಬಗ್ಗೆ ಅವಳು ಹೇಳಿದ್ದು ನಿಜ.

ಬಣ್ಣ ಎಣಿಸಿ ನೋಡಿದೆ: 21. ಮರಕ್ಕೆ 5 ಕಂದು, ಕಬ್ಬಿಣಕ್ಕೆ 6 ಬೂದು, ಬೀಗಕ್ಕೆ 4 ಹಳದಿ, ಔಟ್‌ಲೈನ್‌ಗೆ ಅಚ್ಚ ಕಪ್ಪು. ಇಲ್ಲಿಗೆ 16. ಉಳಿದ 5 ಎಲ್ಲಿಂದ ಬಂದವು ಅಂತ ಅವಳಿಗೇ ಗೊತ್ತಿರಲಿಲ್ಲ. ಹುಡುಕಿದಾಗ ಸಿಕ್ಕವು. ಒಮ್ಮೆ ಹಾಕಿದ ಕಂದನ್ನು ಮತ್ತೆ ಬೇಕಾದಾಗ, ಚಿತ್ರದಲ್ಲಿರುವ ಬಣ್ಣವನ್ನೇ ಎತ್ತಿಕೊಡುವ ಐಡ್ರಾಪರ್‌ನಿಂದ ಎತ್ತಿಕೊಳ್ಳದೆ, ಬಣ್ಣದ ಚಕ್ರದಲ್ಲಿ ಅಂದಾಜಿನ ಮೇಲೆ ಆರಿಸಿದ್ದಳು. ಕಣ್ಣಿಗೆ ಎರಡೂ ಒಂದೇ, ಫೈಲ್‌ಗೆ ಬೇರೆ ಬೇರೆ. ಇದು ದೊಡ್ಡ ತಪ್ಪೇನಲ್ಲ, ಆದರೆ ಒಂದು ಸುಳಿವು. ಇಂಥ ಅನಾಥ ಬಣ್ಣಗಳು ಕಂಡರೆ, ಬರೆಯುವವರು ಯಾವ ಬಣ್ಣ ಯಾವ ಕೆಲಸಕ್ಕೆ ಅಂತ ಇನ್ನೂ ತೀರ್ಮಾನಿಸಿಲ್ಲ ಅಂತಲೇ ಅರ್ಥ.

ಮರದ ಮುಖ್ಯ ಬಣ್ಣ ಆರ್‌ಜಿಬಿ ಲೆಕ್ಕದಲ್ಲಿ (ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಅಂತ, ಒಂದೊಂದೂ 0ಯಿಂದ 255ರೊಳಗೆ) 139, 90, 43. ಸಾಮಾನ್ಯ ಕಂದು. ಹ್ಯೂ, ಅಂದರೆ ಬಣ್ಣದ ಚಕ್ರದಲ್ಲಿ ಅದರ ಜಾಗ, 29 ಡಿಗ್ರಿ. ಸ್ಯಾಚುರೇಷನ್, ಅಂದರೆ ಬಣ್ಣದ ಗಾಢತೆ, 100ಕ್ಕೆ 69. ಉಳಿದ ನಾಲ್ಕನ್ನು ಇದರಿಂದಲೇ ಮಾಡಿದ್ದಳು, ಹೊಳಪಿನ ಸ್ಲೈಡರ್ ಒಂದನ್ನೇ ಎಳೆದು. ಹ್ಯೂ ಎಲ್ಲದರಲ್ಲೂ 29, ಸ್ಯಾಚುರೇಷನ್ ಎಲ್ಲದರಲ್ಲೂ 69, ಹೊಳಪು ಮಾತ್ರ 42, 48, 54, 60, 66. ಕಬ್ಬಿಣ ಅಚ್ಚ ಬೂದು, ಅದರ ಮುಖ್ಯ ಬಣ್ಣ 104, 104, 104.

ಇಷ್ಟು ಕಂಡ ಕೂಡಲೇ ನನಗೆ ರೋಗ ಗೊತ್ತಾಯಿತು ಅನ್ನಿಸಿತು.

ನನ್ನ ಮೊದಲ ಔಷಧಿ

"ಹ್ಯೂ ಒಂದೇ ಕಡೆ ನಿಂತುಬಿಟ್ಟಿದೆ ನೋಡು. ನೆರಳಿಗೆ ಹೋಗ್ತಾ ನೀಲಿ ಕಡೆ ತಿರುಗಿಸು, ಬೆಳಕಿಗೆ ಬರ್ತಾ ಹಳದಿ ಕಡೆ" ಅಂದೆ. ಇದಕ್ಕೆ ಹ್ಯೂ ಶಿಫ್ಟಿಂಗ್ ಅನ್ನುತ್ತಾರೆ. ಪಿಕ್ಸೆಲ್ ಆರ್ಟ್ ಕಲಿಯುವ ಪ್ರತಿಯೊಬ್ಬರಿಗೂ ಯಾರೋ ಒಬ್ಬರು ಹೇಳಿಯೇ ಹೇಳುವ ಮಾತು. ಸುಳ್ಳಲ್ಲ. ಬಯಲಿನಲ್ಲಿ ಬಿಸಿಲಿನ ಬಣ್ಣ ಸ್ವಲ್ಪ ಹಳದಿ. ಬಿಸಿಲು ತಾಗದ ಕಡೆಗೂ ಆಕಾಶದ ಬೆಳಕು ಬೀಳುತ್ತದೆ, ಅದು ನೀಲಿ. ಹಾಗಾಗಿ ನೆರಳು ಅಂದರೆ ಅದೇ ಬಣ್ಣಕ್ಕೆ ಕಪ್ಪು ಬೆರೆಸಿದ್ದಲ್ಲ. ನೆರಳಿಗೂ ತನ್ನದೇ ಬೆಳಕಿದೆ, ಆ ಬೆಳಕಿಗೂ ಬಣ್ಣವಿದೆ.

ಮರುದಿನ ಹೊಸ ಫೈಲ್ ಬಂತು. ತೆರೆದ ಕೂಡಲೇ ನಗು ಬಂತು, ಆಮೇಲೆ ನನ್ನ ಮೇಲೇ ಸಿಟ್ಟು ಬಂತು. ಮುಚ್ಚಳದ ಕೆಳಗೆ ನೇರಳೆ, ಅದರ ಮೇಲೆ ಕಡುಗೆಂಪು, ನಡುವೆ ಹಳೆಯ ಕಂದು, ಅದರ ಮೇಲೆ ಹಳದಿ, ತುದಿಯಲ್ಲಿ ಎಳೆ ಹಸಿರು. ಹೇಳಿದ್ದನ್ನು ಅಕ್ಷರಶಃ ಮಾಡಿದ್ದಳು. ಪೆಟ್ಟಿಗೆಯ ಮೇಲೆ ಕಾಮನಬಿಲ್ಲು ಮೂಡಿತ್ತು.

"ಈಗ ಸತ್ತಂಗಿಲ್ಲ ಅಲ್ವಾ?" ಅಂತ ಕೇಳಿದಳು. ಸತ್ತಂತೆ ಇರಲಿಲ್ಲ ನಿಜ. ಆದರೆ ಮರದಂತೆಯೂ ಇರಲಿಲ್ಲ.

ಎಲ್ಲಿ ತಪ್ಪಿತು? ಒಂದೊಂದು ಮೆಟ್ಟಿಲಿಗೂ ಹ್ಯೂ 25ರಿಂದ 50 ಡಿಗ್ರಿ ಹಾರಿತ್ತು. ಸ್ಯಾಚುರೇಷನ್ ಮಾತ್ರ ಎಲ್ಲದರಲ್ಲೂ ಅದೇ 69. ಹೊಳಪಿನ ಅಂತರವೂ ಮೊದಲಿನಷ್ಟೇ ಕಡಿಮೆ. ಎರಡು ಬಣ್ಣಗಳ ನಡುವೆ ಬೆಳಕಿನ ವ್ಯತ್ಯಾಸ ಕಡಿಮೆಯಿದ್ದು ಬಣ್ಣದ ವ್ಯತ್ಯಾಸ ಜಾಸ್ತಿಯಾದರೆ, ಕಣ್ಣು ಅವನ್ನು ಒಂದೇ ವಸ್ತುವಿನ ಬಿಸಿಲು ನೆರಳು ಅಂತ ಓದುವುದಿಲ್ಲ. ಬೇರೆ ಬೇರೆ ಬಣ್ಣ ಬಳಿದ ಹಲಗೆ ಅಂತ ಓದುತ್ತದೆ. ಹ್ಯೂ ತಿರುಗಿಸುವುದು ಒಗ್ಗರಣೆ ಇದ್ದಂತೆ. ಸಾರೇ ಇಲ್ಲದ ಪಾತ್ರೆಗೆ ನಾನು ಒಗ್ಗರಣೆ ಹಾಕಿಸಿದ್ದೆ.

ಬಣ್ಣ ಕಿತ್ತು ನೋಡಿದಾಗ

ಎರಡನೆಯ ಸಂಜೆ ಇಬ್ಬರೂ ಒಟ್ಟಿಗೆ ಕೂತೆವು. ಅವಳ ಮೊದಲಿನ ಫೈಲ್ ತೆಗೆದು, ಗೇಮ್‌ನ ಹುಲ್ಲಿನ ನೆಲದ ಮೇಲಿಟ್ಟು, ಇಡೀ ಚಿತ್ರವನ್ನು ಬರೀ ಕಪ್ಪು-ಬಿಳುಪಿನ ಗ್ರೇಸ್ಕೇಲ್‌ಗೆ ತಿರುಗಿಸಿದೆ. ಜೂಮ್ 100 ಪರ್ಸೆಂಟ್‌ಗೆ ಇಳಿಸಿದೆ.

ಪೆಟ್ಟಿಗೆ ಮಾಯವಾಯಿತು. ಸುಮ್ನೆ ಹೇಳುತ್ತಿಲ್ಲ. ತೆಳ್ಳನೆಯ ಕಪ್ಪು ಗೆರೆಯ ಒಂದು ಚೌಕಟ್ಟು, ಅದರ ಒಳಗೂ ಹೊರಗೂ ಒಂದೇ ಬೂದು. ಕಬ್ಬಿಣದ ಪಟ್ಟಿ ಎಲ್ಲಿದೆ ಅಂತ ಬೆರಳಿಟ್ಟು ಹುಡುಕಬೇಕಿತ್ತು.

ಲೆಕ್ಕ ಹಾಕಿದರೆ ಕಾರಣ ಸಿಗುತ್ತದೆ. ನಮ್ಮ ಕಣ್ಣಿಗೆ ಹಸಿರು ಬಹಳ ಬೆಳಕಾಗಿ ಕಾಣುತ್ತದೆ, ಕೆಂಪು ಅದಕ್ಕಿಂತ ಕಡಿಮೆ, ನೀಲಿ ತೀರಾ ಕಡಿಮೆ. ಬಹಳ ಕಾಲದಿಂದ ಬಳಕೆಯಲ್ಲಿರುವ ಒಂದು ಸೂತ್ರದಲ್ಲಿ ಕೆಂಪನ್ನು 0.299ರಿಂದ, ಹಸಿರನ್ನು 0.587ರಿಂದ, ನೀಲಿಯನ್ನು 0.114ರಿಂದ ಗುಣಿಸಿ ಕೂಡಿಸುತ್ತಾರೆ. 0 ಅಂದರೆ ಕಪ್ಪು, 255 ಅಂದರೆ ಬಿಳಿ. ಅವಳ ಕಂದು ಮರ ಈ ಲೆಕ್ಕದಲ್ಲಿ 99. ಬೂದು ಕಬ್ಬಿಣ 104. ನೆಲದ ಹುಲ್ಲಿನ ಬಣ್ಣ 62, 124, 50. ಅದು 97.

ಮೂರು ವಸ್ತು, ಮೂರು ಬಣ್ಣ, ಬೆಳಕು ಮಾತ್ರ ಹೆಚ್ಚುಕಡಿಮೆ ಒಂದೇ.

ಅವಳಿಗೆ ಇದು ನಂಬಲಾಗಲಿಲ್ಲ. "ಹೊಳಪಿನ ಸ್ಲೈಡರ್ ಬೇರೆ ಬೇರೆ ತೋರಿಸ್ತಿತ್ತಲ್ಲಾ!" ಅಂದಳು. ಆ ಸ್ಲೈಡರ್ ನಂಬಿ ಕೆಟ್ಟವರು ಬಹಳ ಜನ. ಅಚ್ಚ ಹಳದಿ, ಅಚ್ಚ ನೀಲಿ, ಎರಡನ್ನೂ ಹಾಕಿ ನೋಡಿ. ಸ್ಲೈಡರ್ ಎರಡಕ್ಕೂ 100 ಅನ್ನುತ್ತದೆ. ಮೇಲಿನ ಸೂತ್ರ ಹಳದಿಗೆ 226 ಕೊಡುತ್ತದೆ, ನೀಲಿಗೆ 29. ಕಣ್ಣಿಗೆ ಕೇಳಿದರೆ ಅದು ಸೂತ್ರದ ಕಡೆಗೇ. ಆ ಹೊಳಪಿನ ಸ್ಲೈಡರ್ ನೋಡುವುದು ಕೆಂಪು, ಹಸಿರು, ನೀಲಿಯ ಮೂರು ಸಂಖ್ಯೆಗಳಲ್ಲಿ ಯಾವುದು ದೊಡ್ಡದು ಅನ್ನುವುದನ್ನು ಮಾತ್ರ.

ಮರದ ಐದು ಕಂದನ್ನೂ ಹೀಗೇ ಅಳೆದೆವು. ಅತ್ಯಂತ ಕಡುಬಣ್ಣ ಸುಮಾರು 76, ಅತ್ಯಂತ ತಿಳಿ ಸುಮಾರು 120. 255 ಮೆಟ್ಟಿಲಿನ ಏಣಿಯಲ್ಲಿ ಅವಳ ಇಡೀ ಮರ ನಡುವಿನ 44 ಮೆಟ್ಟಿಲಲ್ಲೇ ಓಡಾಡುತ್ತಿತ್ತು. ಒಂದು ಕಂದಿಗೂ ಪಕ್ಕದ ಕಂದಿಗೂ 11ರಷ್ಟು ಅಂತರ. 1600 ಪರ್ಸೆಂಟ್ ಜೂಮ್‌ನಲ್ಲಿ ಒಂದೊಂದು ಪಿಕ್ಸೆಲ್ ಬೆರಳಿನ ಉಗುರಿನಷ್ಟು ಇರುವಾಗ ಆ ಅಂತರ ಚೆಂದವಾಗಿ ಕಾಣುತ್ತದೆ. ಗೇಮ್‌ನ ಅಳತೆಯಲ್ಲಿ ಕರಗಿಹೋಗುತ್ತದೆ. ಐದು ಬಣ್ಣ ಹಾಕಿದ ಶ್ರಮಕ್ಕೆ ಒಂದೇ ಬಣ್ಣದ ಫಲ.

ನಾಲ್ಕು ಬೂದು

ಆ ದಿನವೇ ಬಣ್ಣ ಬಿಟ್ಟೆವು. ಹೊಸ ಫೈಲ್, ಬಳಸುವ ಬಣ್ಣಗಳ ಪಟ್ಟಿಯಾದ ಪ್ಯಾಲೆಟ್‌ನಲ್ಲಿ ನಾಲ್ಕೇ ಬೂದು. ಕಪ್ಪಿಗೆ ಹತ್ತಿರದ್ದೊಂದು, ಬಿಳಿಗೆ ಹತ್ತಿರದ್ದೊಂದು, ನಡುವೆ ಎರಡು. 1989ರಲ್ಲಿ ಬಂದ, ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್‌ನ ಪರದೆಯಲ್ಲಿ ಇದ್ದದ್ದೇ ಇಷ್ಟು: 160×144 ಪಿಕ್ಸೆಲ್, ನಾಲ್ಕು ಛಾಯೆ. ಓಡಾಡುವ ಪಾತ್ರಗಳಿಗೆ ಅದರಲ್ಲೂ ಮೂರೇ, ಯಾಕಂದರೆ ನಾಲ್ಕನೆಯ ಜಾಗ ಪಾರದರ್ಶಕಕ್ಕೆ ಹೋಗುತ್ತಿತ್ತು. ಅಷ್ಟರಲ್ಲೇ ಗುಹೆ, ಕಾಡು, ನೀರು ಎಲ್ಲವನ್ನೂ ತೋರಿಸಿದರು. ಒಂದು ಪೆಟ್ಟಿಗೆಗೆ ಸಾಲದಾ?

ಸಾಲುತ್ತದೆ. ಆದರೆ ಒಂದು ಪ್ರಶ್ನೆಗೆ ಉತ್ತರ ಹೇಳದೆ ಬಿಡುವುದಿಲ್ಲ. ಬೆಳಕು ಎಲ್ಲಿಂದ ಬರುತ್ತಿದೆ?

ಅವಳು ಪೆನ್ ಹಿಡಿದು ಸುಮ್ಮನೆ ಕೂತಳು. "ಎಲ್ಲಾ ಕಡೆಯಿಂದ...?" ಅಂದಳು. ನಿಜ ಹೇಳಬೇಕೆಂದರೆ ಅವಳ ಮೊದಲ ಪೆಟ್ಟಿಗೆಯಲ್ಲಿ ಹಾಗೆಯೇ ಇತ್ತು. ಮುಂಭಾಗದ ಹಲಗೆಯ ಅಂಚಿನಲ್ಲಿ ಕಡುಗಂದು, ಒಂದು ಪಿಕ್ಸೆಲ್ ಒಳಗೆ ಸ್ವಲ್ಪ ತಿಳಿ, ಇನ್ನೊಂದು ಪಿಕ್ಸೆಲ್ ಒಳಗೆ ಇನ್ನೂ ತಿಳಿ, ನಟ್ಟನಡುವೆ ಎಲ್ಲಕ್ಕಿಂತ ತಿಳಿ. ಬದಿಯಲ್ಲೂ ಅದೇ, ಮುಚ್ಚಳದಲ್ಲೂ ಅದೇ. ಪಿಲ್ಲೋ ಶೇಡಿಂಗ್ ಅನ್ನುವುದು ಇದಕ್ಕೇ. ಹಲಗೆ ಹೋಗಿ ದಿಂಬಾಗುತ್ತದೆ. ಇದು ಅಜ್ಞಾನದಿಂದ ಬರುವ ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಕೈಯ ಅಭ್ಯಾಸದಿಂದ ಬರುತ್ತದೆ. ಮೊದಲು ಔಟ್‌ಲೈನ್ ಬರೆದಿರುತ್ತೇವೆ, ಪರದೆಯ ಮೇಲೆ ಕಾಣುವ ಒಂದೇ ಆಧಾರ ಅದು. ಕೈ ಅದರ ಪಕ್ಕದಲ್ಲೇ ಸಾಗುತ್ತದೆ, ಗೋಡೆ ಹಿಡಿದು ನಡೆಯುವ ಮಗುವಿನ ಹಾಗೆ.

ಬೆಳಕು ಎಡಗಡೆ ಮೇಲಿನಿಂದ, ಸ್ವಲ್ಪ ನಮ್ಮ ಕಡೆಯಿಂದ ಅಂತ ಗೊತ್ತು ಮಾಡಿದೆವು. ಆಮೇಲೆ ಕೆಲಸ ಸಲೀಸು. ಮುಂಭಾಗ ಚಪ್ಪಟೆ. ಚಪ್ಪಟೆಯ ಮೇಲೆ ಎಲ್ಲೆಡೆ ಬೆಳಕು ಒಂದೇ ಕೋನದಲ್ಲಿ ಬೀಳುತ್ತದೆ, ಹಾಗಾಗಿ ಒಂದೇ ಬೂದು ಸಾಕು. ಯೋಹಾನ್ ಹೈನ್‌ರಿಶ್ ಲ್ಯಾಂಬರ್ಟ್ 1760ರಲ್ಲೇ ಇದನ್ನು ಲೆಕ್ಕಕ್ಕೆ ಇಳಿಸಿದ್ದ. ಹೊಳಪಿಲ್ಲದ ಮೈಗೆ ಸಿಗುವ ಬೆಳಕು ಕೋನದ ಕೊಸೈನ್‌ಗೆ ತಕ್ಕಷ್ಟು. ನೇರವಾಗಿ ಬಿದ್ದರೆ ಪೂರ್ತಿ, 60 ಡಿಗ್ರಿ ಓರೆಯಾದರೆ ಅರ್ಧ. ಬರೆಯುವಾಗ ಕೊಸೈನ್ ನೆನಪಿಡಬೇಕಿಲ್ಲ. ಮೈ ತಿರುಗಿದರೆ ಮಾತ್ರ ಛಾಯೆ ಬದಲಾಗಲಿ, ತಿರುಗದಿದ್ದರೆ ಬೇಡ. ಅಷ್ಟು ನೆನಪಿದ್ದರೆ ಸಾಕು.

ಮುಂಭಾಗಕ್ಕೆ ತಿಳಿಯ ಕಡೆಯ ನಡುಬೂದು. ಬಲಬದಿಗೆ ಕಡುಬೂದು. ಮುಚ್ಚಳದ ಮೇಲ್ಭಾಗಕ್ಕೆ ಅತಿ ತಿಳಿ. ಅತಿ ಕಡುವನ್ನು ಮುಚ್ಚಳದ ಕೆಳಗಿನ ಸಂದಿಗೆ, ಹಲಗೆಗಳ ನಡುವಿನ ಬಿರುಕಿಗೆ, ತಳಕ್ಕೆ ಇಟ್ಟುಕೊಂಡೆವು. ಐದು ನಿಮಿಷವೂ ಹಿಡಿಯಲಿಲ್ಲ. 100ರ ಜೂಮ್‌ನಲ್ಲಿ ನೋಡಿದರೆ ಪೆಟ್ಟಿಗೆ ಎದ್ದು ಕೂತಿತ್ತು. ಬಣ್ಣ ಇಲ್ಲ, ಮರದ ಗೆರೆ ಇಲ್ಲ, ಆದರೂ ಕೈ ಹಾಕಿ ಎತ್ತಬಹುದು ಅನ್ನಿಸುತ್ತಿತ್ತು. ಅವಳು ಮೊದಲ ಫೈಲನ್ನು ಪಕ್ಕದಲ್ಲಿ ತೆರೆದು, ಎರಡನ್ನೂ ನೋಡಿ, ಮೊದಲನೆಯದನ್ನು ಮುಚ್ಚಿದಳು.

ಮುಚ್ಚಳದಲ್ಲಿ ಮಾತ್ರ ಸ್ವಲ್ಪ ಹೊತ್ತು ಹೋಯಿತು. ಅದು ಗುಂಡಗಿದೆ, ಛಾಯೆ ಬದಲಾಗಲೇಬೇಕು. 10 ಪಿಕ್ಸೆಲ್ ಎತ್ತರ. ಅವಳು ತಿಳಿ, ನಡು, ಕಡು ಅಂತ ಮೂರು ಪಟ್ಟಿ ಎಳೆದಳು, ಮೂರೂ ಹೆಚ್ಚುಕಡಿಮೆ ಒಂದೇ ದಪ್ಪ, ಮೂರೂ ಪಿಕ್ಸೆಲ್‌ನ ಒಂದೇ ಕಂಬಸಾಲಿನಲ್ಲಿ ಶುರುವಾಗಿ ಒಂದೇ ಕಂಬಸಾಲಿನಲ್ಲಿ ಮುಗಿಯುತ್ತಿದ್ದವು. ಗುಂಡಗಿನ ಮುಚ್ಚಳದ ಬದಲು ಮಡಚಿಟ್ಟ ಕಂಬಳಿ ಕಂಡಿತು. ಇದು ಬ್ಯಾಂಡಿಂಗ್. ಛಾಯೆಗಳ ಅಂಚುಗಳು ಒಂದರ ಪಕ್ಕ ಒಂದು ಸಾಲಾಗಿ ಕೂತರೆ ಕಣ್ಣಿಗೆ ಆಕಾರ ಕಾಣುವುದಿಲ್ಲ, ಪಿಕ್ಸೆಲ್‌ನ ಚೌಕಳಿಯೇ ಕಾಣುತ್ತದೆ.

ಎರಡು ಬದಲಾವಣೆಯಲ್ಲಿ ಅದು ಸರಿಹೋಯಿತು. ದಪ್ಪವನ್ನು ಬದಲಿಸಿದೆವು. ಮೇಲೆ ಒಂದೇ ಒಂದು ಸಾಲು ನಡುಬೂದು, ಆಮೇಲೆ 5 ಸಾಲು ತಿಳಿ, 3 ಸಾಲು ನಡು, 1 ಸಾಲು ಕಡು. ಉರುಳೆಯಂಥ ಮೈಯಲ್ಲಿ ಬೆಳಕಿಗೆ ಎದುರಾದ ಭಾಗ ಅಗಲವಾಗಿಯೇ ಇರುತ್ತದೆ, ಅಂಚು ಹತ್ತಿರವಾದಂತೆ ಬೇಗಬೇಗ ಕಪ್ಪಾಗುತ್ತದೆ. ಹಾಗಾಗಿ ಸಮ ಪಾಲು ಹಾಕುವುದೇ ತಪ್ಪು. ಇನ್ನೊಂದು, ತಿಳಿ ಪಟ್ಟಿಯ ಬಲತುದಿಯನ್ನು 3 ಪಿಕ್ಸೆಲ್ ಮೊದಲೇ ನಿಲ್ಲಿಸಿದೆವು, ಬೆಳಕು ಎಡದಿಂದ ತಾನೇ ಬರುವುದು. ನಡುಬೂದಿನ ತುದಿಯನ್ನು ಒಂದು ಪಿಕ್ಸೆಲ್ ಉದ್ದ ಬಿಟ್ಟೆವು. ಸಾಲು ಮುರಿಯಿತು, ಕಂಬಳಿ ಹೋಯಿತು.

ಬಲಬದಿಯ ಹಲಗೆಯಲ್ಲಿ ಮೊದಲು ಅವಳು ಚದುರಂಗದ ಹಾಸಿನಂತೆ ಒಂದು ಬಿಟ್ಟು ಒಂದು ಪಿಕ್ಸೆಲ್ ತುಂಬಿದ್ದಳು. ಡಿದರಿಂಗ್. ಮರದ ಒರಟು ತೋರಿಸಲು ಅಂತೆ. ಬಣ್ಣ ಕಡಿಮೆಯಿದ್ದ ಹಳೆಯ ಯಂತ್ರಗಳಲ್ಲಿ ಅಗಲವಾದ ಆಕಾಶ, ಬೆಟ್ಟ ಬರೆಯಲು ಅದು ಬಹಳ ಉಪಯೋಗಕ್ಕೆ ಬಂದಿದೆ. 7 ಪಿಕ್ಸೆಲ್ ಅಗಲದ ಹಲಗೆಯಲ್ಲಿ ಅದು ಬರೀ ಗದ್ದಲ. ತೆಗೆಸಿದೆ. ಎರಡು ಅಡ್ಡ ಬಿರುಕು ಬರೆದಳು, ಮರ ಅಂತ ತಿಳಿಯಲು ಅಷ್ಟೇ ಸಾಕಾಯಿತು.

ಬಣ್ಣ ವಾಪಸ್ಸು

ಈಗ ಅವಳ ಮೊದಲ ಪ್ರಶ್ನೆಗೆ ಜಾಗ ಬಂತು. ಯಾವ ಬಣ್ಣ? ಆದರೆ ಪ್ರಶ್ನೆ ಚಿಕ್ಕದಾಗಿಬಿಟ್ಟಿತ್ತು. ನಾಲ್ಕು ಬೂದು ಇವೆ, ಪ್ರತಿಯೊಂದರ ಜಾಗಕ್ಕೂ ಅದೇ ಬೆಳಕಿನ ಒಂದು ಕಂದು ಬೇಕು. ಅಷ್ಟೇ.

ನಡುವಿನ ಕಂದಿನಿಂದ ಶುರು ಮಾಡಿದಳು: 166, 102, 56. ಹ್ಯೂ 25 ಡಿಗ್ರಿ, ಬೆಳಕಿನ ಲೆಕ್ಕದಲ್ಲಿ 116. ಬೆಳಕಿನ ಕಡೆ 222, 166, 92. ಹ್ಯೂ 34ಕ್ಕೆ ಸರಿಯಿತು, ಬೆಳಕು 174. ನೆರಳಿನ ಕಡೆ 107, 58, 46. ಹ್ಯೂ 12, ಬೆಳಕು 71. ಸಂದಿಗೆ 52, 30, 42. ಇಲ್ಲಿ ಹ್ಯೂ ಕೆಂಪು ದಾಟಿ 327ಕ್ಕೆ ಹೋಗಿದೆ, ಅಂದರೆ ನೇರಳೆಯ ಕಡೆಗೆ. ಬೆಳಕು 38.

ಹ್ಯೂ ಹಾರಿದ್ದು ಹೇಗೆ ನೋಡಿ. 34ರಿಂದ 25ಕ್ಕೆ 9 ಡಿಗ್ರಿ, 25ರಿಂದ 12ಕ್ಕೆ 13 ಡಿಗ್ರಿ. ಕೊನೆಯ ಮೆಟ್ಟಿಲಲ್ಲಿ ಮಾತ್ರ 45. ಅಷ್ಟು ದೊಡ್ಡ ಜಿಗಿತ ಅಲ್ಲಿ ಸಲ್ಲುತ್ತದೆ, ಯಾಕಂದರೆ ಆ ಬಣ್ಣ ಎಷ್ಟು ಕಪ್ಪಾಗಿದೆ ಅಂದರೆ ಅದು ನೇರಳೆ ಅಂತ ಯಾರಿಗೂ ತಿಳಿಯುವುದಿಲ್ಲ. ಕಪ್ಪು ಸ್ವಲ್ಪ ಬೆಚ್ಚಗಿದೆ ಅನ್ನಿಸುತ್ತದೆ ಅಷ್ಟೇ. ಸ್ಯಾಚುರೇಷನ್ ಕೂಡ ಒಂದೇ ಕಡೆ ನಿಂತಿಲ್ಲ. ಬೆಳಕಿನಲ್ಲಿ 59, ನಡುವೆ 66, ನೆರಳಿನಲ್ಲಿ 57, ಸಂದಿಯಲ್ಲಿ 42. ಬಣ್ಣ ತನ್ನ ಪೂರ್ತಿ ಮುಖ ತೋರಿಸುವುದು ನಡುವಿನಲ್ಲಿ. ಬೆಳಕು ಜಾಸ್ತಿಯಾದಲ್ಲಿ ಬಿಳಿಚುತ್ತದೆ, ಕತ್ತಲಲ್ಲಿ ಮಂಕಾಗುತ್ತದೆ.

ಅದೇ ಹ್ಯೂ ಶಿಫ್ಟಿಂಗ್. ಮೊದಲ ದಿನ ಹಾಳು ಮಾಡಿದ್ದು ಈ ದಿನ ಕೆಲಸ ಮಾಡಿತು. ಬೆಳಕಿನ ಮೆಟ್ಟಿಲು 38, 71, 116, 174 ಅಂತ ಭದ್ರವಾಗಿ ನಿಂತ ಮೇಲೆ ಹ್ಯೂ ಅತ್ತಿತ್ತ ಓಲಾಡಿದರೂ ಮರ ಮರವಾಗಿಯೇ ಉಳಿಯುತ್ತದೆ.

ಕಬ್ಬಿಣದಲ್ಲಿ ಇನ್ನೊಂದು ವಿಷಯ ಕಲಿತಳು. ಅದು ನನಗೂ ಇಷ್ಟದ ಭಾಗ. ಮೊದಲ ಫೈಲ್‌ನಲ್ಲಿ ಕಬ್ಬಿಣಕ್ಕೂ ಮರದ ಹಾಗೆಯೇ ಮೆಲ್ಲಗೆ ಏರುವ ಆರು ಬೂದು ಹಾಕಿದ್ದಳಲ್ಲ. ಬೂದು ಬಣ್ಣದ ಮರ ಆಗಿತ್ತು. ಲೋಹ ಲೋಹದಂತೆ ಕಾಣುವುದು ಬೂದು ಬಣ್ಣದಿಂದ ಅಲ್ಲ. ಅದು ಸುತ್ತಲಿನದನ್ನು ಕನ್ನಡಿಯಂತೆ ತೋರಿಸುತ್ತದೆ, ಹಾಗಾಗಿ ಕಡುಕಪ್ಪಿನ ಪಕ್ಕದಲ್ಲೇ ಥಟ್ಟನೆ ಬಿಳಿ ಬರುತ್ತದೆ. ನಡುವಿನ ಮೆಟ್ಟಿಲನ್ನು ಹಾರಿಬಿಡುತ್ತದೆ. ಮೂರು ಬಣ್ಣ ಕೊಟ್ಟೆವು. 64, 68, 88 ಅನ್ನುವ ಕಡುನೀಲಿ ಬೂದು ಪಟ್ಟಿಯ ಹೆಚ್ಚಿನ ಭಾಗಕ್ಕೆ, ಬೆಳಕು 69. 118, 130, 146 ಎಡಬದಿಯ ಅಂಚಿಗೆ. 214, 224, 222 ಮುಚ್ಚಳದ ತಿರುವಿನಲ್ಲಿ, ಪಟ್ಟಿಗೆ ಎರಡೇ ಪಿಕ್ಸೆಲ್. ಆ ಎರಡು ಪಿಕ್ಸೆಲ್ ಕಡುಬೂದಿಗೆ ನೇರವಾಗಿ ತಾಗಿಕೊಂಡಿವೆ. ಇಟ್ಟ ಕ್ಷಣವೇ ಪಟ್ಟಿ ತಣ್ಣಗಾಯಿತು.

ಅವಳು ನೀಲಿಯನ್ನು ಇನ್ನೂ ಜಾಸ್ತಿ ಮಾಡಲು ಹೊರಟಿದ್ದಳು. ಬೇಡ ಅಂದೆ. ಕಂದಿನ ಪಕ್ಕ ಅಚ್ಚ ಬೂದು ಇಟ್ಟರೂ ಅದು ನೀಲಿಯಾಗಿಯೇ ಕಾಣುತ್ತದೆ. ಮೊದಲ ಫೈಲ್‌ನಲ್ಲಿದ್ದ 104, 104, 104 ಕೂಡ ಮರದ ಪಕ್ಕದಲ್ಲಿ ನಸುನೀಲಿ ಕಾಣುತ್ತಿತ್ತು. ಇದನ್ನು ಕೂಲಂಕಷವಾಗಿ ನೋಡಿದವನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಿಶೆಲ್ ಯೂಜೀನ್ ಶೆವ್ರಲ್. ಪ್ಯಾರಿಸ್‌ನ ಗೊಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗ ಅವನ ಕೈಯಲ್ಲಿತ್ತು. ಕಪ್ಪು ದಾರ ಸರಿಯಾಗಿ ಕಪ್ಪಾಗಿಲ್ಲ ಅನ್ನುವ ದೂರು ಬಂದಾಗ ಪರೀಕ್ಷಿಸಿದ. ಬಣ್ಣದಲ್ಲಿ ದೋಷವಿರಲಿಲ್ಲ, ಪಕ್ಕದ ದಾರದ ಬಣ್ಣ ಕಪ್ಪನ್ನು ಕೆಡಿಸಿ ತೋರಿಸುತ್ತಿತ್ತು. 1839ರಲ್ಲಿ ಆ ಕೆಲಸವನ್ನೆಲ್ಲ ಪ್ರಕಟಿಸಿದ. ಬಿಡಿಬಿಡಿ ದಾರಗಳಿಂದ ನೇಯ್ದ ಚಿತ್ರಕ್ಕೂ ಬಿಡಿಬಿಡಿ ಪಿಕ್ಸೆಲ್‌ನ ಚಿತ್ರಕ್ಕೂ ಈ ವಿಷಯದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಪ್ಯಾಲೆಟ್ ಪಟ್ಟಿಯಲ್ಲಿ ಬಣ್ಣ ಹೇಗೆ ಕಾಣುತ್ತದೆ ಅನ್ನುವುದನ್ನು ನಂಬಬೇಡಿ. ಚಿತ್ರದೊಳಗೆ ಇಟ್ಟು ನೋಡಿ.

ಬೀಗಕ್ಕೆ ಹೊಸ ಬಣ್ಣ ಒಂದೇ, 255, 232, 150, ಅದೂ ಒಂದು ಪಿಕ್ಸೆಲ್ ಮಿಂಚಿಗೆ. ಉಳಿದದ್ದು ಮರದ ತಿಳಿಗಂದು ಮತ್ತು ಕಡುಗಂದು. ಹಿತ್ತಾಳೆಗೆ ಬೇರೆ ಹಳದಿ ಬೇಡವಾ ಅಂತ ಕೇಳಿದಳು. ಬೇಕಿರಲಿಲ್ಲ. ಒಂದೇ ಬಣ್ಣ ಎರಡು ಕಡೆ ದುಡಿದರೆ ಚಿತ್ರ ಒಂದಕ್ಕೊಂದು ಹೊಂದಿಕೊಳ್ಳುತ್ತದೆ. ಬೇರೆ ಬೇರೆ ಅಂಗಡಿಯಿಂದ ತಂದ ತುಂಡುಗಳಂತೆ ಕಾಣುವುದಿಲ್ಲ.

ಔಟ್‌ಲೈನ್‌ನ ಅಚ್ಚ ಕಪ್ಪು ಹೋಗಿ, ಮರದ ಸಂದಿಗೆ ಇಟ್ಟ ಆ ಕಡುಬಣ್ಣವೇ ಬಂತು. ಬೆಳಕು ಬೀಳುವ ಎಡ ಮೇಲಂಚಿನಲ್ಲಿ ಅದನ್ನೂ ತೆಗೆದು ಕಡುಗಂದು ಹಾಕಿದಳು. ಪೆಟ್ಟಿಗೆಗೆ ತಂತಿ ಸುತ್ತಿದಂತೆ ಇದ್ದದ್ದು ಸಡಿಲವಾಯಿತು.

ಎಣಿಸಿದೆವು. ಮರ 4, ಕಬ್ಬಿಣ 3, ಬೀಗದ ಮಿಂಚು 1. ಒಟ್ಟು 8.

ಹುಲ್ಲು

ಹೊಸ ಪೆಟ್ಟಿಗೆಯನ್ನು ಗೇಮ್‌ನ ನೆಲದ ಮೇಲೆ ಇಟ್ಟಾಗ ಅವಳ ಮುಖ ಮತ್ತೆ ಸಣ್ಣದಾಯಿತು. ಮೊದಲಿಗಿಂತ ಎಷ್ಟೋ ವಾಸಿ, ಆದರೆ ಕಣ್ಣು ಪೆಟ್ಟಿಗೆಗೆ ಹೋಗುತ್ತಿರಲಿಲ್ಲ. ಹುಲ್ಲು ಕಿರುಚುತ್ತಿತ್ತು. "ಪೆಟ್ಟಿಗೆ ಇನ್ನೂ ಬ್ರೈಟ್ ಮಾಡ್ಲಾ?" ಅಂದಳು.

ಇಲ್ಲಿ ಸ್ವಲ್ಪ ಗಟ್ಟಿಯಾಗಿ ಹೇಳಬೇಕಾಯಿತು. ವಸ್ತು ಕಾಣದಿದ್ದಾಗ ವಸ್ತುವನ್ನೇ ತಿದ್ದುತ್ತಾ ಹೋಗುವುದು ದೊಡ್ಡ ಬಲೆ. ಪೆಟ್ಟಿಗೆ ಬ್ರೈಟ್ ಆಗುತ್ತದೆ, ಆಮೇಲೆ ಪಾತ್ರ ಮಂಕಾಗಿ ಕಾಣುತ್ತದೆ, ಅದನ್ನೂ ಬ್ರೈಟ್ ಮಾಡಬೇಕು, ಹಾಗೇ ಮುಂದೆ. ನೆಲವೇ ಹಿಂದೆ ಸರಿಯಬೇಕು. ಹಳೆಯ ಹುಲ್ಲಿನ ಬೆಳಕು 97, ಸ್ಯಾಚುರೇಷನ್ 60. ಮರದ ನಡುಗಂದು 116, ಕಡುಗಂದು 71. ಹುಲ್ಲು ಸರಿಯಾಗಿ ಇವೆರಡರ ಮಧ್ಯೆ ತೂರಿಕೊಂಡು ಕೂತಿತ್ತು. ಅದನ್ನು 132, 164, 104 ಮಾಡಿದಳು. ಬೆಳಕು 148ಕ್ಕೆ ಏರಿತು, ಸ್ಯಾಚುರೇಷನ್ 37ಕ್ಕೆ ಇಳಿಯಿತು. ತಿಳಿ, ಮಂಕು, ಶಾಂತ ನೆಲ. ಅದರ ಮೇಲೆ ಪೆಟ್ಟಿಗೆ ಒಂದು ಗಟ್ಟಿ ಕಡು ಆಕಾರವಾಗಿ ನಿಂತಿತು, ಮುಚ್ಚಳದ ತಲೆ ಮಾತ್ರ ನೆಲಕ್ಕಿಂತ ಬೆಳ್ಳಗೆ.

ಆದರೂ ತೇಲುವಂತಿತ್ತು. ಬಲಕ್ಕೆ, ಬುಡದಲ್ಲಿ, 74, 104, 88 ಬಣ್ಣದ ನೆರಳು ಎಳೆದಳು. ನೆಲಕ್ಕೆ ಬಿದ್ದ ನೆರಳೂ ನೀಲಿಯ ಕಡೆ ತಿರುಗಿದ ಹಸಿರೇ. ಈ ಸಲ ಅದನ್ನು ನಾನು ಹೇಳಿಕೊಡಲಿಲ್ಲ.

ರಾತ್ರಿ

ಪಿಕ್ಸೆಲ್ ಆರ್ಟ್ ಬರೆಯುವ ಸಾಫ್ಟ್‌ವೇರ್ ಏಸ್‌ಪ್ರೈಟ್‌ನಲ್ಲಿ ಇಂಡೆಕ್ಸ್ಡ್ ಮೋಡ್ ಅಂತ ಇದೆ. ಅದರಲ್ಲಿ ಪಿಕ್ಸೆಲ್ ಬಣ್ಣವನ್ನು ಇಟ್ಟುಕೊಳ್ಳುವುದಿಲ್ಲ, ಪ್ಯಾಲೆಟ್‌ನ ಎಷ್ಟನೆಯ ಬಣ್ಣ ಅನ್ನುವ ಸಂಖ್ಯೆಯನ್ನು ಇಟ್ಟುಕೊಳ್ಳುತ್ತದೆ. ಪ್ಯಾಲೆಟ್‌ನಲ್ಲಿ ಒಂದು ಬಣ್ಣ ಬದಲಿಸಿದರೆ ಚಿತ್ರದಲ್ಲಿ ಅದು ಇರುವ ಕಡೆಯೆಲ್ಲ ಬದಲಾಗುತ್ತದೆ. 21 ಬಣ್ಣ, ಅದರಲ್ಲಿ 5 ಅನಾಥ, ಆಗ ಇದನ್ನು ಮಾಡಹೊರಟರೆ ಹುಚ್ಚು ಹಿಡಿಯುತ್ತದೆ. 8 ಬಣ್ಣಕ್ಕೆ ಹತ್ತು ನಿಮಿಷ. ಗೇಮ್‌ನಲ್ಲಿ ಒಂದು ರಾತ್ರಿಯ ಭಾಗವಿದೆ, ಅದಕ್ಕೆ ಎಂಟನ್ನೂ ನೀಲಿಯ ಕಡೆ ಎಳೆದು, ಇಳಿಸಿ, ಹೊಸ ಪ್ಯಾಲೆಟ್ ಮಾಡಿದಳು. ಬಾಗಿಲು, ಪೀಪಾಯಿ, ಸೇತುವೆಗೂ ಅದೇ ನಾಲ್ಕು ಕಂದು ಹಾಕಿದ್ದಳಾದ್ದರಿಂದ ಅವೂ ಒಟ್ಟಿಗೇ ರಾತ್ರಿಗೆ ಇಳಿದವು. ಖುಷಿಯಿಂದ ವಿಡಿಯೋ ಕಳಿಸಿದಳು.

ಅರ್ಧ ಗಂಟೆ ಬಿಟ್ಟು ಮತ್ತೊಂದು ಮೆಸೇಜ್. "ಅಣ್ಣಾ, ಬಣ್ಣ ಎಲ್ಲಾ ಸರಿಯಿದೆ. ಆದ್ರೂ ಏನೋ ಸುಳ್ಳು ಅನ್ನಿಸ್ತಿದೆ."

ಉತ್ತರ ಬರೆಯುತ್ತಿದ್ದೆ, ಅಷ್ಟರಲ್ಲಿ ಅವಳದೇ ಬಂತು. ರಾತ್ರಿಯ ಭಾಗದಲ್ಲಿ ಪಾತ್ರದ ಕೈಯಲ್ಲಿ ಲಾಟೀನು ಇದೆ. ಅದು ನೆಲದ ಹತ್ತಿರ, ಪೆಟ್ಟಿಗೆಯ ಬಲಕ್ಕೆ ಬಂದು ನಿಲ್ಲುತ್ತದೆ. ಪೆಟ್ಟಿಗೆ ಮಾತ್ರ ಇನ್ನೂ ಎಡಗಡೆ ಮೇಲಿನ ಸೂರ್ಯನಿಗೇ ಮುಖ ಮಾಡಿ ಕೂತಿದೆ. ಬಲಬದಿ ಬೆಳಗಬೇಕಿತ್ತು, ಕಪ್ಪಾಗಿದೆ. ಮುಚ್ಚಳದ ತಲೆ ಕಪ್ಪಾಗಬೇಕಿತ್ತು, ಬೆಳಗುತ್ತಿದೆ.

ಕೆಳಗೆ ಒಂದು ಸ್ಕ್ರೀನ್‌ಶಾಟ್ ಹಾಕಿದ್ದಳು. ಹಳೆಯ ನಾಲ್ಕು ಬೂದಿನ ಫೈಲ್ ತೆರೆದಿತ್ತು. ಛಾಯೆಯನ್ನೆಲ್ಲ ಅಳಿಸಿದ್ದಳು, ಪೆಟ್ಟಿಗೆ ಬರೀ ಗೆರೆಯಾಗಿತ್ತು. ಬಲಗಡೆ ಕೆಳಮೂಲೆಯಲ್ಲಿ, ಬೇರೊಂದು ಲೇಯರ್ ಮೇಲೆ, ಲಾಟೀನು ಇರುವ ಜಾಗಕ್ಕೆ ಒಂದು ಚುಕ್ಕೆ ಇಟ್ಟಿದ್ದಳು.